ಮೈಸೂರಿನಿಂದ ಶಿಖರಜಿಗೆ ರೈಲು ಯಾತ್ರೆ: ಅಲ್ಲಲ್ಲಿ ಇಳಿದು ಹೋಗುವ ಟಿಕೆಟ್ ಲಾಭವೋ, ರಿವಾರ್ಡ್ ಪಾಯಿಂಟ್ ಲಾಭವೋ?

ನಂಜನಗೂಡು, ತಿ. ನರಸೀಪುರ ಭಾಗದ ಜೈನ ಕುಟುಂಬಗಳಲ್ಲಿ ಸಮ್ಮೇದ ಶಿಖರಜಿ ಯಾತ್ರೆಯ ಮಾತು ಬಂದರೆ ಮೊದಲು ಏಳುವ ಪ್ರಶ್ನೆ ಖರ್ಚಿನದು. ಎರಡನೆಯದು ಮನೆಯ ಹಿರಿಯರದು. 2020ರ ಮಾರ್ಚ್‌ನಲ್ಲಿ ರೈಲ್ವೆಯು ಹಿರಿಯ ನಾಗರಿಕರ ರಿಯಾಯಿತಿಯನ್ನು ನಿಲ್ಲಿಸಿದ ಮೇಲೆ ಅಜ್ಜ-ಅಜ್ಜಿಯರಿಗೂ ಪೂರ್ತಿ ದರವೇ ಬೀಳುತ್ತಿದೆ. ಹೀಗಾಗಿ ಹಲವರು ಬ್ಯಾಂಕ್ ಕಾರ್ಡಿನ ರಿವಾರ್ಡ್ ಪಾಯಿಂಟ್‌ಗಳ ಕಡೆ ನೋಡುತ್ತಿದ್ದಾರೆ. ರೈಲ್ವೆಯಲ್ಲಿ ಬಹಳ ಹಿಂದಿನಿಂದ ಇರುವ ‘ಬ್ರೇಕ್ ಜರ್ನಿ’ ಮತ್ತು ‘ಸರ್ಕ್ಯುಲರ್ ಜರ್ನಿ’ ಟಿಕೆಟ್‌ಗಳ ವಿಚಾರ ಮಾತ್ರ ಹೆಚ್ಚಿನವರಿಗೆ ತಿಳಿದಿಲ್ಲ.

ಈ ಎರಡು ಅನುಕೂಲಗಳನ್ನೂ ಒಂದೇ ಟಿಕೆಟ್‌ನಲ್ಲಿ ಪಡೆಯಲು ಬರುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಅಲ್ಲಲ್ಲಿ ಇಳಿದು ಹೋಗುವ ಟಿಕೆಟ್ ಸಿಗುವುದು ರೈಲ್ವೆ ಕೌಂಟರಿನಲ್ಲಿ. ಪಾಯಿಂಟ್ ಬಳಸಲು ಬರುವುದು ಐಆರ್‌ಸಿಟಿಸಿ ಜಾಲತಾಣದಲ್ಲಿ. ಆದ್ದರಿಂದ ಯಾತ್ರೆಗೆ ಹೊರಡುವ ಮುನ್ನ ಎರಡರ ಲೆಕ್ಕವನ್ನೂ ಬೇರೆಬೇರೆಯಾಗಿ ಹಾಕಿ ನೋಡಬೇಕು.

ಯಾತ್ರೆಯ ದಾರಿ

ಶಿಖರಜಿಗೆ ಹತ್ತಿರದ ನಿಲ್ದಾಣ ಜಾರ್ಖಂಡ್‌ನ ಪಾರಸನಾಥ. ಇದು ಗಯಾ–ಧನಬಾದ್ ನಡುವಿನ ಮುಖ್ಯ ಮಾರ್ಗದಲ್ಲಿದೆ. ನಿಲ್ದಾಣದಿಂದ ಬೆಟ್ಟದ ಬುಡದ ಮಧುಬನಕ್ಕೆ ಸುಮಾರು 25 ಕಿ.ಮೀ. ರಸ್ತೆ. ಮಧುಬನದಲ್ಲಿ ದಿಗಂಬರ ತೇರಾಪಂಥಿ ಕೋಠಿ, ಬೀಸಪಂಥಿ ಕೋಠಿ, ಶ್ವೇತಾಂಬರ ಕೋಠಿಗಳ ಧರ್ಮಶಾಲೆಗಳಿವೆ.

ಇಷ್ಟು ದೂರ ಹೋದವರು ಶಿಖರಜಿಯೊಂದನ್ನೇ ನೋಡಿ ಹಿಂದಿರುಗುವುದು ಅಪರೂಪ. ಮೈಸೂರಿನಿಂದ ವಾರಾಣಸಿಗೂ ಹೌರಾಕ್ಕೂ ನೇರ ಎಕ್ಸ್‌ಪ್ರೆಸ್ ರೈಲುಗಳಿವೆ. ಇವು ದಿನವೂ ಓಡುವ ರೈಲುಗಳಲ್ಲ, ವಾರದ ಗೊತ್ತಾದ ದಿನ ಮಾತ್ರ ಹೊರಡುತ್ತವೆ. ಈ ಎರಡನ್ನು ಆಧಾರವಾಗಿಟ್ಟುಕೊಂಡರೆ ಒಂದು ಸುತ್ತು ದಾರಿ ತಾನಾಗಿಯೇ ಸಿಗುತ್ತದೆ:

1. ಮೈಸೂರಿನಿಂದ ವಾರಾಣಸಿ. ಭೇಲೂಪುರ ಪಾರ್ಶ್ವನಾಥರ, ಭದೈನಿ ಸುಪಾರ್ಶ್ವನಾಥರ ಜನ್ಮಕ್ಷೇತ್ರ. ಸಾರನಾಥದ ಸಿಂಹಪುರಿ ಶ್ರೇಯಾಂಸನಾಥರದು, ಗಂಗೆಯ ದಡದ ಚಂದ್ರಪುರಿ ಚಂದ್ರಪ್ರಭರದು. ಹೀಗೆ ಒಂದೇ ನಿಲುಗಡೆಯಲ್ಲಿ ನಾಲ್ವರು ತೀರ್ಥಂಕರರ ಜನ್ಮಸ್ಥಳಗಳ ದರ್ಶನ.
2. ವಾರಾಣಸಿಯಿಂದ ಗಯಾ. ಅಲ್ಲಿಂದ ರಸ್ತೆಯಲ್ಲಿ ರಾಜಗೃಹದ ಪಂಚಪಹಾಡಿ, ನಂತರ ಮಹಾವೀರರ ನಿರ್ವಾಣಭೂಮಿ ಪಾವಾಪುರಿಯ ಜಲಮಂದಿರ.
3. ಗಯಾದಿಂದ ಪಾರಸನಾಥ. ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿ ಶಿಖರಜಿ.
4. ಪಾರಸನಾಥದಿಂದ ಹೌರಾ. ಕೋಲ್ಕತ್ತದ ಬೆಲ್ಗಾಛಿಯಾ ದಿಗಂಬರ ಮಂದಿರ.
5. ಹೌರಾದಿಂದ ಭುವನೇಶ್ವರ. ಖಾರವೇಲನ ಶಾಸನವಿರುವ ಉದಯಗಿರಿ, ಎದುರಿನ ಖಂಡಗಿರಿ.
6. ಭುವನೇಶ್ವರದಿಂದ ಮೈಸೂರು.

ನಡುವೆ ಇಳಿಯುವ ಊರುಗಳು ಐದು. ಪೂರ್ಣ ಸುತ್ತು 5,000 ಕಿ.ಮೀ. ಆಸುಪಾಸಿನದು.

ಬ್ರೇಕ್ ಜರ್ನಿ: ನೇರ ಟಿಕೆಟ್‌ನಲ್ಲಿ ಎರಡು ನಿಲುಗಡೆ

ಹೋಗುವ ದಾರಿಯಲ್ಲೇ ಒಂದೆರಡು ಕಡೆ ಇಳಿದರೆ ಸಾಕು ಎನ್ನುವವರಿಗೆ ಇದು ಸರಿ. ನಿಯಮ ಸರಳವಾಗಿದೆ. ಟಿಕೆಟ್‌ನ ದೂರ 500 ಕಿ.ಮೀ. ಮೀರಿದ್ದರೆ ಒಂದು ಸಲ, 1,000 ಕಿ.ಮೀ. ಮೀರಿದ್ದರೆ ಎರಡು ಸಲ ನಡುವೆ ಇಳಿಯಬಹುದು. ಒಂದೊಂದು ಕಡೆ ಗರಿಷ್ಠ ಎರಡು ದಿನ ಇರಬಹುದು, ಇಳಿದ ದಿನ ಮತ್ತು ಹೊರಡುವ ದಿನ ಇದರಲ್ಲಿ ಸೇರುವುದಿಲ್ಲ. ಮೊದಲ ನಿಲುಗಡೆ ಮಾತ್ರ ಹೊರಟ ಸ್ಥಳದಿಂದ 500 ಕಿ.ಮೀ. ಕ್ರಮಿಸಿದ ನಂತರವೇ ಆಗಬೇಕು.

ನಮ್ಮ ಭಾಗದವರು ಎಡವುವುದು ಈ ಕೊನೆಯ ಷರತ್ತಿನಲ್ಲಿ. ಬೆಂಗಳೂರಿನ ಮಗಳ ಮನೆಯಲ್ಲಿ ಒಂದು ರಾತ್ರಿ ಇದ್ದು ಮುಂದೆ ಹೋಗೋಣ ಎಂದುಕೊಂಡು ಮೈಸೂರಿನಿಂದ ಟಿಕೆಟ್ ತೆಗೆಸಿದರೆ ಪ್ರಯೋಜನವಿಲ್ಲ. ಮೈಸೂರಿನಿಂದ ಬೆಂಗಳೂರಿಗೆ 140 ಕಿ.ಮೀ.ಗಿಂತಲೂ ಕಡಿಮೆ, ಅಲ್ಲಿ ಬ್ರೇಕ್ ಜರ್ನಿ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಉಳಿಯುವುದು ಖಚಿತವಿದ್ದರೆ ದೂರದ ಟಿಕೆಟನ್ನು ಬೆಂಗಳೂರಿನಿಂದಲೇ ಮಾಡಿಸಿ.

ಕೌಂಟರಿನಲ್ಲಿ ಫಾರ್ಮ್ ತುಂಬುವಾಗಲೇ ಎಲ್ಲಿ ಇಳಿಯುತ್ತೀರಿ, ಮುಂದಿನ ರೈಲು ಯಾವುದು, ಯಾವ ದಿನ ಎಂಬುದನ್ನು ಬರೆಯಬೇಕು. ಇಳಿದ ಕೂಡಲೇ ಅಲ್ಲಿನ ಸ್ಟೇಷನ್ ಮಾಸ್ಟರ್ ಅಥವಾ ಟಿಕೆಟ್ ಕಲೆಕ್ಟರ್ ಬಳಿ ಟಿಕೆಟ್ ಮೇಲೆ ನಿಲ್ದಾಣದ ಹೆಸರು, ದಿನಾಂಕ ಬರೆಸಿಕೊಳ್ಳಬೇಕು. ರಾಜಧಾನಿ, ಶತಾಬ್ದಿ, ಜನ ಶತಾಬ್ದಿಯಂಥ ರೈಲುಗಳಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ.

ಎರಡು ದಿನದ ಮಿತಿ ಶಿಖರಜಿಗೆ ಸಾಕಾಗುತ್ತದೆಯೇ? ಸಾಕಾಗುತ್ತದೆ. ಮೊದಲ ದಿನ ಪಾರಸನಾಥದಲ್ಲಿ ಇಳಿದು ಮಧುಬನ ಸೇರುವುದು, ಎರಡನೆಯ ದಿನ ಅಲ್ಲಿನ ಮಂದಿರಗಳ ದರ್ಶನ ಮತ್ತು ವಿಶ್ರಾಂತಿ, ಮೂರನೆಯ ದಿನ ಬೆಟ್ಟದ ವಂದನೆ, ನಾಲ್ಕನೆಯ ದಿನ ಹೊರಡುವುದು. ಇಳಿದ ಮತ್ತು ಹೊರಡುವ ದಿನಗಳನ್ನು ಬಿಟ್ಟರೆ ಸರಿಯಾಗಿ ಎರಡು ದಿನ. ವಂದನೆಯ ದಾರಿ ಏರಲು 9, ಟೋಂಕುಗಳನ್ನು ಸುತ್ತಲು 9, ಇಳಿಯಲು 9, ಒಟ್ಟು 27 ಕಿ.ಮೀ. ಎಂದು ಲೆಕ್ಕ. ವಂದನೆ ಮುಗಿಸಿದ ದಿನವೇ ರಾತ್ರಿಯ ರೈಲು ಹತ್ತುವ ಯೋಜನೆ ಹಾಕಬೇಡಿ.

ಸರ್ಕ್ಯುಲರ್ ಟಿಕೆಟ್: ಸುತ್ತಿ ಬಂದು ಮನೆ ಸೇರುವವರಿಗೆ

ಮೇಲೆ ಹೇಳಿದ ಆರು ಹಂತದ ಸುತ್ತಿಗೆ ತಕ್ಕದ್ದು ಇದೇ. ಹೊರಟ ನಿಲ್ದಾಣಕ್ಕೇ ಹಿಂದಿರುಗುವ ಪ್ರವಾಸಕ್ಕೆ ಒಂದೇ ಟಿಕೆಟ್ ಕೊಡುವ ವ್ಯವಸ್ಥೆ. ನಡುವೆ ಗರಿಷ್ಠ ಎಂಟು ಕಡೆ ಇಳಿಯಬಹುದು. ನಮ್ಮ ಸುತ್ತಿನಲ್ಲಿ ಇಳಿಯುವುದು ಐದು ಕಡೆ, ಅಂದರೆ ಮಿತಿಯ ಒಳಗೇ ಇದೆ.

ದರ ಹೇಗೆ ಇಳಿಯುತ್ತದೆ ಎಂಬುದನ್ನು ಅರ್ಥ ಮಾಡಿಕೊಳ್ಳಬೇಕು. ರೈಲು ದರದಲ್ಲಿ ದೂರ ಹೆಚ್ಚಿದಷ್ಟೂ ಕಿ.ಮೀ. ಒಂದರ ದರ ಕಡಿಮೆಯಾಗುತ್ತ ಹೋಗುತ್ತದೆ. ಮೊದಲ ಕೆಲವು ನೂರು ಕಿ.ಮೀ. ದುಬಾರಿ, ಕೊನೆಯವು ಅಗ್ಗ. ಆರು ಬಿಡಿ ಟಿಕೆಟ್ ತೆಗೆಸಿದರೆ ಆ ದುಬಾರಿ ಭಾಗವನ್ನು ಆರು ಸಲ ಕಟ್ಟಿದಂತೆ. ಸರ್ಕ್ಯುಲರ್ ಟಿಕೆಟ್‌ನಲ್ಲಿ ಒಟ್ಟು ದೂರವನ್ನು ಎರಡು ಸಮಭಾಗ ಮಾಡಿ ಎರಡು ಒಂಟಿ ಪ್ರಯಾಣಗಳ ದರ ಹಾಕುತ್ತಾರೆ. 5,000 ಕಿ.ಮೀ. ಸುತ್ತಿಗೆ 2,500 ಕಿ.ಮೀ.ಗಳ ಎರಡು ಟಿಕೆಟ್‌ಗಳ ದರ ಮಾತ್ರ. ಹೆಚ್ಚು ಉಳಿತಾಯವಾಗುವುದು ವಾರಾಣಸಿ–ಗಯಾ, ಗಯಾ–ಪಾರಸನಾಥ, ಪಾರಸನಾಥ–ಹೌರಾ, ಹೌರಾ–ಭುವನೇಶ್ವರದಂಥ ಚಿಕ್ಕ ಹಂತಗಳಲ್ಲಿ.

ಪ್ರತಿ ಹಂತದ ರಿಸರ್ವೇಶನ್ ಶುಲ್ಕ ಮತ್ತು ಸೂಪರ್‌ಫಾಸ್ಟ್ ಶುಲ್ಕ ಪ್ರತ್ಯೇಕ. ಸ್ಲೀಪರ್‌ಗೆ ರಿಸರ್ವೇಶನ್ 20 ರೂ., ಮೂರನೇ ದರ್ಜೆ ಎಸಿಗೆ 40 ರೂ. ಸೂಪರ್‌ಫಾಸ್ಟ್ ಆದರೆ ಕ್ರಮವಾಗಿ 30 ಮತ್ತು 45 ರೂ. ಇನ್ನಷ್ಟು. ಬಿಡಿ ಟಿಕೆಟ್ ತೆಗೆಸಿದರೂ ಇವನ್ನು ಕಟ್ಟಲೇಬೇಕಾದ್ದರಿಂದ ಹೋಲಿಕೆಯಲ್ಲಿ ವ್ಯತ್ಯಾಸವಾಗುವುದಿಲ್ಲ.

ಟಿಕೆಟ್‌ನ ಅವಧಿ ಧಾರಾಳವಾಗಿದೆ. ಪ್ರಯಾಣಕ್ಕೆ 400 ಕಿ.ಮೀ.ಗೆ ಒಂದು ದಿನ, ನಿಲುಗಡೆಗೆ 200 ಕಿ.ಮೀ.ಗೆ ಒಂದು ದಿನ ಎಂದು ಲೆಕ್ಕ ಹಾಕಿ ಎರಡನ್ನೂ ಕೂಡಿಸುತ್ತಾರೆ. 5,000 ಕಿ.ಮೀ.ಗೆ ಇದು ಒಂದು ತಿಂಗಳನ್ನು ಮೀರುತ್ತದೆ. ಎರಡು ವಾರದ ಯಾತ್ರೆಗೆ ಬೇಕಾದಷ್ಟಾಯಿತು.

ಪಡೆಯುವ ಕ್ರಮ ಹೀಗೆ. ಮೊದಲು ದಾರಿ, ಇಳಿಯುವ ಊರು, ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದು ವಿಭಾಗೀಯ ವಾಣಿಜ್ಯ ವ್ಯವಸ್ಥಾಪಕರ ಕಚೇರಿಗೆ ಕೊಡಬೇಕು. ಮೈಸೂರು ನೈಋತ್ಯ ರೈಲ್ವೆಯ ಒಂದು ವಿಭಾಗದ ಕೇಂದ್ರವಾದ್ದರಿಂದ ನಂಜನಗೂಡು, ನರಸೀಪುರದವರು ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ. ಕಚೇರಿಯವರು ದರ ಲೆಕ್ಕ ಹಾಕಿ ನಿಗದಿತ ನಮೂನೆಯಲ್ಲಿ ನಿಲ್ದಾಣಕ್ಕೆ ತಿಳಿಸುತ್ತಾರೆ. ಅದನ್ನು ತೋರಿಸಿ ಬುಕಿಂಗ್ ಕೌಂಟರಿನಲ್ಲಿ ಟಿಕೆಟ್ ಪಡೆದು, ಬಳಿಕ ರಿಸರ್ವೇಶನ್ ಕೌಂಟರಿನಲ್ಲಿ ಒಂದೊಂದು ಹಂತಕ್ಕೂ ಸೀಟು ಮಾಡಿಸಬೇಕು. ಈ ಟಿಕೆಟ್ ಆನ್‌ಲೈನ್‌ನಲ್ಲಿ ಸಿಗುವುದಿಲ್ಲ.

ಇದರ ಕಷ್ಟವನ್ನೂ ಹೇಳಬೇಕು. 2024ರ ನವೆಂಬರ್ 1ರಿಂದ ಮುಂಗಡ ರಿಸರ್ವೇಶನ್ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ. ಹನ್ನೆರಡು ದಿನದ ಯಾತ್ರೆಯಾದರೆ ಮೊದಲ ಹಂತದ ಬುಕಿಂಗ್ ತೆರೆದ ದಿನ ಕೊನೆಯ ಹಂತದ್ದು ಇನ್ನೂ ತೆರೆದಿರುವುದಿಲ್ಲ. ಟಿಕೆಟ್ ಕೈಯಲ್ಲಿದ್ದರೂ ಸೀಟಿಗಾಗಿ ಎರಡು ಮೂರು ಸಲ ಕೌಂಟರಿಗೆ ಹೋಗಬೇಕಾಗಬಹುದು. ನರಸೀಪುರದಿಂದ ಮೈಸೂರಿಗೆ ಸುಮಾರು 30 ಕಿ.ಮೀ. ಓಡಾಟ. 2023ರ ಜೂನ್‌ನಲ್ಲಿ ಜಾರಿಯಾದ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಈ ಓಡಾಟ ಉಚಿತ. ಮೈಸೂರಿನಲ್ಲಿ ಓದುವ, ಕೆಲಸ ಮಾಡುವ ಮನೆಯವರೊಬ್ಬರಿಗೆ ಈ ಹೊಣೆ ಒಪ್ಪಿಸಿದರೆ ಇನ್ನೂ ಅನುಕೂಲ.

ರಿವಾರ್ಡ್ ಪಾಯಿಂಟ್: ನಿಜವಾಗಿ ಎಷ್ಟು ಸಿಗುತ್ತದೆ?

ಐಆರ್‌ಸಿಟಿಸಿಯು ಎಸ್‌ಬಿಐ ಕಾರ್ಡ್, ಬ್ಯಾಂಕ್ ಆಫ್ ಬರೋಡಾ, ಎಚ್‌ಡಿಎಫ್‌ಸಿ ಬ್ಯಾಂಕ್‌ಗಳ ಜೊತೆ ಸೇರಿ ಕ್ರೆಡಿಟ್ ಕಾರ್ಡ್‌ಗಳನ್ನು ಹೊರತಂದಿದೆ. ಇವುಗಳಲ್ಲಿ ಹಳೆಯದು ಐಆರ್‌ಸಿಟಿಸಿ ಎಸ್‌ಬಿಐ ಕಾರ್ಡ್. ಅದರ ಪ್ಲಾಟಿನಂ ಕಾರ್ಡನ್ನು ಉದಾಹರಣೆಯಾಗಿ ನೋಡೋಣ. ಮೊದಲ ವರ್ಷದ ಶುಲ್ಕ 500 ರೂ. ಮತ್ತು ಜಿಎಸ್‌ಟಿ, ಅಂದರೆ 590 ರೂ. ಸಾಮಾನ್ಯ ಖರ್ಚಿಗೆ 125 ರೂ.ಗೆ ಒಂದು ಪಾಯಿಂಟ್. ಐಆರ್‌ಸಿಟಿಸಿಯಲ್ಲಿ ಎಸಿ ದರ್ಜೆಯ ಟಿಕೆಟ್ ಮಾಡಿಸಿದರೆ ಶೇ. 10ರವರೆಗೆ ಪಾಯಿಂಟ್. ಒಂದು ಪಾಯಿಂಟ್ ಟಿಕೆಟ್ ಮೇಲೆ ಒಂದು ರೂಪಾಯಿಗೆ ಸಮ. ಸ್ಲೀಪರ್ ದರ್ಜೆಗೆ ಈ ಶೇ. 10ರ ಲಾಭವಿಲ್ಲ ಎಂಬುದನ್ನು ಗಮನಿಸಿ. ಬ್ಯಾಂಕ್‌ಗಳು ಷರತ್ತುಗಳನ್ನು ಆಗಾಗ ಬದಲಿಸುತ್ತವೆ, ಅರ್ಜಿ ಹಾಕುವ ದಿನದ ಷರತ್ತು ಓದಿಕೊಳ್ಳಿ.

ಈಗ ಲೆಕ್ಕ. ನಾಲ್ಕು ಜನರ ಕುಟುಂಬ, ಒಬ್ಬರಿಗೆ ಎಸಿ ಟಿಕೆಟ್ 2,000 ರೂ. ಎಂದಿಟ್ಟುಕೊಳ್ಳೋಣ. ಒಟ್ಟು 8,000 ರೂ. ಶೇ. 10ರಂತೆ 800 ಪಾಯಿಂಟ್. ಮೊದಲ ವರ್ಷದ ಶುಲ್ಕ 590 ಕಳೆದರೆ ಉಳಿದದ್ದು 210 ರೂ. ವರ್ಷಕ್ಕೆ ಒಂದೇ ಸಲ ಇಷ್ಟು ಮೊತ್ತದ ಪ್ರಯಾಣ ಮಾಡುವವರಿಗೆ ಕಾರ್ಡಿನಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಎಸಿ ದರ್ಜೆಯಲ್ಲಿ ಹೋಗಿಬರುವ, ವರ್ಷದಲ್ಲಿ 25–30 ಸಾವಿರ ರೂಪಾಯಿ ಟಿಕೆಟ್‌ಗೆ ಕೊಡುವ ಕುಟುಂಬಕ್ಕೆ ಲಾಭವಿದೆ.

ಇನ್ನೂ ಮೂರು ಸಂಗತಿಗಳು ಈ ಲೆಕ್ಕಕ್ಕೆ ಸೇರುತ್ತವೆ.

ಮೊದಲನೆಯದು, ಸೇವಾ ಶುಲ್ಕ. ಎಸಿ ಟಿಕೆಟ್‌ಗೆ ಯುಪಿಐ ಮೂಲಕ ಕಟ್ಟಿದರೆ 20 ರೂ., ಬೇರೆ ರೀತಿಯಲ್ಲಾದರೆ 30 ರೂ., ಎರಡಕ್ಕೂ ಜಿಎಸ್‌ಟಿ ಸೇರುತ್ತದೆ. ಇದು ಟಿಕೆಟ್ ಒಂದಕ್ಕೆ, ತಲೆಗೆ ಅಲ್ಲ. ಆರು ಹಂತಕ್ಕೆ ಆರು ಟಿಕೆಟ್ ಆದರೆ ಆರು ಸಲ ಕಟ್ಟಬೇಕು. ಕೌಂಟರಿನಲ್ಲಿ ಈ ಶುಲ್ಕವೇ ಇಲ್ಲ.

ಎರಡನೆಯದು, ಸಮಯ. ಪಾಯಿಂಟ್‌ಗಳು ಟಿಕೆಟ್ ಮಾಡಿಸಿದ ಕ್ಷಣಕ್ಕೆ ಖಾತೆ ಸೇರುವುದಿಲ್ಲ, ಕಾರ್ಡಿನ ಬಿಲ್ ಚಕ್ರಕ್ಕೆ ಕಾಯಬೇಕು. ಹೋಗುವ ಮತ್ತು ಬರುವ ಟಿಕೆಟ್‌ಗಳ ಬುಕಿಂಗ್ ತೆರೆಯುವುದು ಹತ್ತು ಹನ್ನೆರಡು ದಿನಗಳ ಅಂತರದಲ್ಲಿ. ಆದ್ದರಿಂದ ಹೋಗುವಾಗ ಗಳಿಸಿದ ಪಾಯಿಂಟ್‌ನಿಂದ ಬರುವ ಟಿಕೆಟ್ ಮಾಡಿಸುವ ಯೋಜನೆ ಸಾಮಾನ್ಯವಾಗಿ ಫಲಿಸದು. ಈ ವರ್ಷ ಗಳಿಸಿದ್ದು ಮುಂದಿನ ಪ್ರಯಾಣಕ್ಕೆ ಎಂದೇ ತಿಳಿಯಿರಿ.

ಮೂರನೆಯದು, ಬಡ್ಡಿ. ಬಿಲ್ಲನ್ನು ಪೂರ್ತಿ ಕಟ್ಟದೆ ಉಳಿಸಿಕೊಂಡರೆ ತಿಂಗಳಿಗೆ ಶೇ. 3ಕ್ಕೂ ಹೆಚ್ಚು ಬಡ್ಡಿ ಬೀಳುತ್ತದೆ. ಮೂರು ನಾಲ್ಕು ತಿಂಗಳಲ್ಲಿ ಶೇ. 10ರ ಲಾಭವೆಲ್ಲ ಅದಕ್ಕೇ ಸರಿಹೋಗುತ್ತದೆ. ಸಾಲ ಮಾಡಿ ಪಾಯಿಂಟ್ ಕೂಡಿಸುವುದಕ್ಕಿಂತ ಪಾಯಿಂಟೇ ಇಲ್ಲದೆ ಸ್ಲೀಪರ್‌ನಲ್ಲಿ ಹೋಗುವುದು ಮೇಲು.

ಹಾಗಾದರೆ ಯಾವುದು?

ನಾಲ್ಕಕ್ಕಿಂತ ಹೆಚ್ಚು ಊರುಗಳಲ್ಲಿ ಇಳಿಯುವ, ಸ್ಲೀಪರ್‌ನಲ್ಲಿ ಹೋಗುವ, ದಿನಾಂಕ ಗಟ್ಟಿಯಿರುವ ಕುಟುಂಬಕ್ಕೆ ಸರ್ಕ್ಯುಲರ್ ಟಿಕೆಟ್. ದಾರಿಯಲ್ಲಿ ಒಂದೆರಡು ಕ್ಷೇತ್ರ ನೋಡಿ ಶಿಖರಜಿ ಮುಟ್ಟುವವರಿಗೆ ಬ್ರೇಕ್ ಜರ್ನಿ. ಶಿಖರಜಿಯೊಂದಕ್ಕೇ ಎಸಿಯಲ್ಲಿ ಹೋಗಿಬರುವ, ಈಗಾಗಲೇ ಪಾಯಿಂಟ್ ಕೂಡಿರುವ ಮನೆಗೆ ಆನ್‌ಲೈನ್ ಟಿಕೆಟ್.

ಆನ್‌ಲೈನ್‌ನಲ್ಲಿ ಬಿಡಿ ಟಿಕೆಟ್ ಮಾಡಿಸುವವರು ಒಂದು ರಕ್ಷಣೆಯನ್ನು ಮರೆಯಬಾರದು. ಒಂದು ರೈಲಿನಿಂದ ಇಳಿದು ಅದೇ ನಿಲ್ದಾಣದಲ್ಲಿ ಇನ್ನೊಂದು ರೈಲು ಹತ್ತುವುದಿದ್ದರೆ ಎರಡೂ ಪಿಎನ್‌ಆರ್‌ಗಳನ್ನು ಜೋಡಿಸುವ ಸೌಲಭ್ಯ 2019ರಿಂದ ಇದೆ. ಎರಡೂ ಟಿಕೆಟ್‌ಗಳಲ್ಲಿ ಪ್ರಯಾಣಿಕರ ವಿವರ ಒಂದೇ ಇರಬೇಕು. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ, ರೈಲು ಬಂದ ಮೂರು ಗಂಟೆಯೊಳಗೆ ಟಿಡಿಆರ್ ಸಲ್ಲಿಸಿದಲ್ಲಿ ಎರಡನೇ ಟಿಕೆಟ್‌ನ ಹಣ ಹಿಂದಿರುಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಗಂಗಾ ಬಯಲಿನ ಮಂಜಿನಿಂದ ರೈಲುಗಳು ಗಂಟೆಗಟ್ಟಲೆ ತಡವಾಗುವುದುಂಟು. ಆಗ ಇದು ಬಹಳ ಉಪಯೋಗಕ್ಕೆ ಬರುತ್ತದೆ.

ತತ್ಕಾಲ್ ಟಿಕೆಟ್‌ಗೆ 2025ರ ಜುಲೈನಿಂದ ಆಧಾರ್ ದೃಢೀಕರಿಸಿದ ಖಾತೆ ಬೇಕು. ಅದೇ ವರ್ಷದ ಅಕ್ಟೋಬರ್‌ನಿಂದ ಸಾಮಾನ್ಯ ಬುಕಿಂಗ್ ತೆರೆಯುವ ಮೊದಲ ನಿಮಿಷಗಳಿಗೂ ಈ ನಿಯಮ ಬಂದಿದೆ. ಯಾತ್ರೆ ನಿಶ್ಚಯವಾದ ದಿನವೇ ಖಾತೆಗೆ ಆಧಾರ್ ದೃಢೀಕರಣ ಮಾಡಿಸಿಟ್ಟುಕೊಳ್ಳಿ.

ಹಿರಿಯರಿಗೆ ಕೆಳಗಿನ ಬರ್ತ್

ರಿಯಾಯಿತಿ ಹೋದರೂ ಕೆಳಗಿನ ಬರ್ತ್ ಕೋಟಾ ಉಳಿದಿದೆ. 60 ದಾಟಿದ ಪುರುಷರಿಗೆ, 45 ದಾಟಿದ ಮಹಿಳೆಯರಿಗೆ ಅದು ಸಿಗುತ್ತದೆ. ಆದರೆ ಒಂದು ಟಿಕೆಟ್‌ನಲ್ಲಿ ಅವರು ಒಬ್ಬರೇ ಅಥವಾ ಇಬ್ಬರೇ ಇರಬೇಕು. ಆರು ಜನರನ್ನು ಒಂದೇ ಟಿಕೆಟ್‌ಗೆ ಸೇರಿಸಿದರೆ ಅಜ್ಜಿಗೆ ಮೇಲಿನ ಬರ್ತ್ ಬಂದರೂ ಬರಬಹುದು. ಅಜ್ಜ-ಅಜ್ಜಿಯರ ಟಿಕೆಟ್ ಬೇರೆ ಮಾಡಿಸುವುದು ಒಳ್ಳೆಯದು.

ಊಟ, ನೀರು, ಸೂರ್ಯಾಸ್ತ

ರಾತ್ರಿ ಭೋಜನ ತ್ಯಾಗದ ನಿಯಮವಿರುವವರು ವೇಳಾಪಟ್ಟಿಯನ್ನು ಊಟದ ಲೆಕ್ಕದಲ್ಲೂ ನೋಡಬೇಕು. ಐಆರ್‌ಸಿಟಿಸಿಯ ಇ-ಕೇಟರಿಂಗ್‌ನಲ್ಲಿ ಪಿಎನ್‌ಆರ್ ಕೊಟ್ಟು ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಜೈನ ಊಟವನ್ನು ಸೀಟಿಗೇ ತರಿಸಿಕೊಳ್ಳಬಹುದು. ದೊಡ್ಡ ನಿಲ್ದಾಣಗಳಲ್ಲಿ ಮಾತ್ರ ಈ ಸೇವೆ ಇರುವುದರಿಂದ, ಸಂಜೆ ನಾಲ್ಕರಿಂದ ಐದರೊಳಗೆ ಯಾವ ದೊಡ್ಡ ನಿಲ್ದಾಣ ಬರುತ್ತದೆ ಎಂದು ನೋಡಿ ಆರ್ಡರ್ ಮಾಡಿ.

ಪೂರ್ವಕ್ಕೆ ಹೋದಂತೆ ಹೊತ್ತು ಬೇಗ ಮುಳುಗುತ್ತದೆ. ಡಿಸೆಂಬರ್‌ನಲ್ಲಿ ನಂಜನಗೂಡಿನಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯಾಸ್ತವಾದರೆ ಮಧುಬನದಲ್ಲಿ ಐದರ ಸುಮಾರಿಗೇ ಆಗುತ್ತದೆ. ನಮ್ಮೂರಿನ ಅಭ್ಯಾಸದಂತೆ ಐದೂವರೆಗೆ ಊಟಕ್ಕೆ ಕೂರುವ ವ್ರತಿಗಳಿಗೆ ಅಲ್ಲಿ ಹೊತ್ತು ಮೀರಿರುತ್ತದೆ. ಕಾಯಿಸಿ ಸೋಸಿದ ನೀರನ್ನು ಫ್ಲಾಸ್ಕ್‌ನಲ್ಲಿ ಇಟ್ಟುಕೊಳ್ಳಿ. ಚಪಾತಿ, ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ, ನಿಪ್ಪಟ್ಟು ಮೊದಲ ದಿನಕ್ಕೆ ಜೊತೆಗಿರಲಿ.

ಯಾವ ಕಾಲ?

ಚಾತುರ್ಮಾಸದ ಮಳೆಯಲ್ಲಿ ಬೆಟ್ಟದ ದಾರಿ ಜಾರುತ್ತದೆ. ಶ್ರಾವಣ ಶುದ್ಧ ಸಪ್ತಮಿ, ಪಾರ್ಶ್ವನಾಥರ ಮೋಕ್ಷಕಲ್ಯಾಣದ ದಿನ, ಶಿಖರಜಿಯಲ್ಲಿ ಭಾರಿ ಜನ. ದೀಪಾವಳಿಗೆ ಪಾವಾಪುರಿಯಲ್ಲಿ ನಿರ್ವಾಣೋತ್ಸವ. ಅದಾದ ಆರನೇ ದಿನ ಬಿಹಾರದವರ ಛಠ್ ಹಬ್ಬ ಇರುವುದರಿಂದ ಆ ಕಡೆಯ ರೈಲುಗಳಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಹೋಳಿಯ ಹಿಂದುಮುಂದೆಯೂ ಅಷ್ಟೇ. ಛಠ್ ಗದ್ದಲ ಇಳಿದ ನವೆಂಬರ್ ಕೊನೆ ಅಥವಾ ಮಂಜು ಸರಿದ ಫೆಬ್ರವರಿ ಹಿರಿಯರೊಂದಿಗೆ ಹೋಗುವವರಿಗೆ ಹಿತ.

ಹೊರಡುವ ಮುನ್ನ ಮಾಡಬೇಕಾದ ಕೆಲಸಗಳು

- ಮೂರು ತಿಂಗಳು ಮುಂಚೆ: ದಾರಿ ಮತ್ತು ದಿನಾಂಕ ನಿಶ್ಚಯ, ಮಧುಬನದ ಕೋಠಿಗೆ ಕೊಠಡಿಗಾಗಿ ಫೋನ್. ಮೈಸೂರಿನ ವಾರಾಣಸಿ, ಹೌರಾ ರೈಲುಗಳ ದಿನ ಮತ್ತು ವೇಳೆಯನ್ನು ರೈಲ್ವೆ ವಿಚಾರಣೆ ಸಂಖ್ಯೆ 139ರಲ್ಲಿ ಖಚಿತಪಡಿಸಿಕೊಳ್ಳುವುದು.
- ಎರಡೂವರೆ ತಿಂಗಳು ಮುಂಚೆ: ಸರ್ಕ್ಯುಲರ್ ಟಿಕೆಟ್‌ಗೆ ಮೈಸೂರಿನ ಕಚೇರಿಯಲ್ಲಿ ಅರ್ಜಿ. ಅದೇ ದಾರಿಗೆ ಬಿಡಿ ಟಿಕೆಟ್‌ಗಳ ದರವನ್ನೂ ಬರೆದುಕೊಂಡು ಹೋಲಿಸುವುದು.
- 60 ದಿನ ಮುಂಚೆ: ಬೆಳಿಗ್ಗೆ ಎಂಟಕ್ಕೆ ಮೊದಲ ಹಂತದ ಬುಕಿಂಗ್. ಉಳಿದ ಹಂತಗಳ ಬುಕಿಂಗ್ ತೆರೆಯುವ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು.
- ಒಂದು ತಿಂಗಳು ಮುಂಚೆ: ವಂದನೆಗೆ ನಡಿಗೆಯ ಅಭ್ಯಾಸ. ವಾರಕ್ಕೆರಡು ಸಲ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿದರೆ ಮೊಣಕಾಲಿನ ಶಕ್ತಿ ತಿಳಿಯುತ್ತದೆ. ಆಗದವರಿಗೆ ಶಿಖರಜಿಯಲ್ಲಿ ಡೋಲಿ ಇದೆ.
- ವಾರ ಮುಂಚೆ: ನಿಲುಗಡೆಯ ಊರುಗಳಲ್ಲಿ ರೈಲ್ವೆಯ ವಿಶ್ರಾಂತಿ ಕೊಠಡಿ ಬೇಕಿದ್ದರೆ ಪಿಎನ್‌ಆರ್ ಕೊಟ್ಟು ಕಾದಿರಿಸುವುದು. ಪಾರಸನಾಥದಲ್ಲಿ ಹಗಲಿನಲ್ಲೇ ಇಳಿಯುವಂತೆ ಇನ್ನೊಮ್ಮೆ ವೇಳೆ ನೋಡುವುದು.

ಗಿರನಾರ್‌ಗೆ ಜುನಾಗಢದವರೆಗೆ, ಪಾಲೀತಾಣಾಕ್ಕೆ ಗುಜರಾತಿನ ದಾರಿ ಹಿಡಿಯುವವರಿಗೂ ಇದೇ ನಿಯಮಗಳು ಅನ್ವಯಿಸುತ್ತವೆ, ಊರುಗಳ ಹೆಸರು ಮಾತ್ರ ಬೇರೆ. ಮನೆಯ ಹಿರಿಯರಿಗೆ ಇದು ಬಹುಶಃ ಒಂದೇ ಸಲದ ಯಾತ್ರೆ. ಕೆಲವು ನೂರು ರೂಪಾಯಿ ಉಳಿಸಲು ರಾತ್ರಿ ಎರಡಕ್ಕೆ ಇಳಿಯುವ ರೈಲನ್ನೋ, ವಂದನೆಯ ದಿನವೇ ಹೊರಡುವ ರೈಲನ್ನೋ ಆರಿಸಬೇಡಿ. ಮೊದಲು ಅವರ ಆರೋಗ್ಯ ಮತ್ತು ನಿಯಮಕ್ಕೆ ಹೊಂದುವ ದಿನಗಳನ್ನು ಗೊತ್ತು ಮಾಡಿ. ಯಾವ ಟಿಕೆಟ್ ಅಗ್ಗ ಎಂಬ ಲೆಕ್ಕವನ್ನು ಆ ದಿನಗಳ ಒಳಗೇ ಹಾಕಿ.